ಷೇರು ಹಾಳೆಯಲ್ಲಿ ಬಾಡಿಗೆ ಎಲ್ಲಿ ಅಡಗಿತ್ತು

ಕೊನೆಗೂ ಗಂಟು ಬಿಚ್ಚಿತು! ಕೊಳ್ಳಬಹುದಾದ ಷೇರುಗಳನ್ನು ಆರಿಸಲು ಕಂಪನಿಗಳ ಲೆಕ್ಕ ತುಂಬುವ ನನ್ನ ಹಾಳೆಯಲ್ಲಿ ಒಂದು ಅಳತೆ ಇದೆ: ವ್ಯಾಪಾರದಿಂದ ನಿಜಕ್ಕೂ ಕೈಗೆ ಬಂದ ಹಣ, ಅಂದರೆ ಕಾರ್ಯಾಚರಣೆಯ ನಗದು, ಲಾಭದ ಎಷ್ಟು ಪಟ್ಟು ಎಂಬುದು. ಗಂಟು ಇದ್ದದ್ದು ಅದರಲ್ಲೇ. ಹತ್ತು ವರ್ಷಗಳ ಅಂಕಿಗಳನ್ನು ತುಂಬುವುದು, ಷೇರುಗಳ ಸಂಖ್ಯೆ ಹೆಚ್ಚಿಸುವ ಬೋನಸ್ ಮತ್ತು ಮುಖಬೆಲೆ ವಿಭಜನೆಯನ್ನು ಸರಿಹೊಂದಿಸುವುದು ನಿಮಗೆಲ್ಲ ಗೊತ್ತಿರುವ ಕೆಲಸ, ಅದನ್ನು ಬಿಡುತ್ತೇನೆ. ಬ್ಯಾಂಕುಗಳನ್ನೂ ಮೊದಲೇ ಹೊರಗಿಟ್ಟಿದ್ದೇನೆ. ಠೇವಣಿ, ಸಾಲಗಳೇ ಅವುಗಳ ಕಾರ್ಯಾಚರಣೆಯ ನಗದಿನಲ್ಲಿ ಸೇರುವುದರಿಂದ ಅಲ್ಲಿ ಈ ಅಳತೆ ನಡೆಯುವುದಿಲ್ಲ.

ಕಾಡಿದ್ದು ಚಿಲ್ಲರೆ ಮಳಿಗೆಗಳ ಕಂಪನಿಗಳು. ಕಾರ್ಯಾಚರಣೆಯ ನಗದನ್ನು ನಿವ್ವಳ ಲಾಭದಿಂದ ಭಾಗಿಸಿದರೆ 2018-19ರವರೆಗೆ ಸಾಧಾರಣವಾಗಿದ್ದ ಅನುಪಾತ 2019-20ರಲ್ಲಿ ಒಮ್ಮೆಲೇ ಜಿಗಿಯುತ್ತಿತ್ತು. ಒಂದು ಕಂಪನಿಯಲ್ಲಾದರೆ ವ್ಯಾಪಾರ ಸುಧಾರಿಸಿತು ಎನ್ನಬಹುದು. ಬಾಡಿಗೆ ಜಾಗದಲ್ಲಿ ನಡೆಯುವ ಕಂಪನಿಗಳೆಲ್ಲ ಒಂದೇ ವರ್ಷ ಸುಧಾರಿಸುತ್ತವೆಯೇ?

ಉತ್ತರ ಇದ್ದದ್ದು 2019ರ ಏಪ್ರಿಲ್ 1ರಿಂದ ಜಾರಿಯಾದ, ಗುತ್ತಿಗೆಯ ಲೆಕ್ಕ ಬರೆಯುವ ಬಗೆ ಹೇಳುವ ಇಂಡ್ ಎಎಸ್ 116 ಎಂಬ ಭಾರತೀಯ ಲೆಕ್ಕಪತ್ರ ಮಾನದಂಡದಲ್ಲಿ. ಅಲ್ಲಿಯವರೆಗೆ ಮಳಿಗೆಯ ಬಾಡಿಗೆ ನೇರವಾಗಿ ವೆಚ್ಚದ ಸಾಲಿಗೆ ಹೋಗುತ್ತಿತ್ತು. ಆಮೇಲೆ ದೀರ್ಘಾವಧಿ ಗುತ್ತಿಗೆ, ಸಾಲದಂತೆ ತೀರಿಸಬೇಕಾದ ಬಾಧ್ಯತೆಯಾಗಿ ಬ್ಯಾಲೆನ್ಸ್ ಶೀಟ್ (ಆಸ್ತಿ-ಸಾಲಗಳ ಪಟ್ಟಿ) ಸೇರಿತು. ಲಾಭದ ಲೆಕ್ಕದಲ್ಲಿ ಬಾಡಿಗೆ ಸವಕಳಿಯಾಗಿಯೂ (ಜಾಗ ಬಳಸುವ ಹಕ್ಕಿನ ಬೆಲೆಯನ್ನು ವರ್ಷಗಳಿಗೆ ಹಂಚಿ ಬರೆಯುವುದು) ಬಡ್ಡಿಯಾಗಿಯೂ ಒಡೆಯಿತು. ನಗದು ಹರಿವಿನ ಪಟ್ಟಿಯಲ್ಲಿ ಅದರ ಪಾವತಿ ಕಾರ್ಯಾಚರಣೆಯಿಂದ ಹಣಕಾಸು ಚಟುವಟಿಕೆಗೆ (ಸಾಲ ಪಡೆಯುವ, ತೀರಿಸುವಂಥ ಲೆಕ್ಕದ ಭಾಗ) ಇಳಿಯಿತು. ಮಾಲೀಕನ ಕೈಗೆ ಹೋದ ಹಣ ಅಷ್ಟೇ, ಬರೆದ ಜಾಗ ಬೇರೆ. ಕಾರ್ಯಾಚರಣೆಯ ನಗದು 100 ಕೋಟಿ ಎಂದು ಕಂಡಲ್ಲಿ ಗುತ್ತಿಗೆಗೇ 60 ಕೋಟಿ ಹೋಗಿದ್ದರೆ, ನನ್ನ ಪಾಲಿಗೆ ಆ ಕಂಪನಿ ಗಳಿಸಿದ್ದು 40 ಕೋಟಿ.

ಹಾಗಾಗಿ ಗುತ್ತಿಗೆಯ ಅಸಲು, ಬಡ್ಡಿ ಎರಡನ್ನೂ ಕಳೆಯುವ ಹೊಸ ಕಾಲಂ ಹಾಕಿದೆ. ಜಿಗಿತ ಮಾಯವಾಯಿತು. ಆದರೆ ಕೆಲವು ಕಂಪನಿಗಳು ಗುತ್ತಿಗೆಯ ಬಡ್ಡಿಯನ್ನು ಬ್ಯಾಂಕ್ ಸಾಲದ ಬಡ್ಡಿಯೊಂದಿಗೆ ಒಂದೇ ಸಾಲಿನಲ್ಲಿ ಸೇರಿಸಿಬಿಡುತ್ತವೆ. ಅದಕ್ಕೆ ವಾರ್ಷಿಕ ವರದಿಯ ಟಿಪ್ಪಣಿಗಳನ್ನೇ ಕೆದಕಬೇಕು. ಹನ್ನೆರಡು ತಿಂಗಳೊಳಗಿನ ಗುತ್ತಿಗೆಗೆ ವಿನಾಯಿತಿ ಪಡೆದಿದ್ದರೆ ಆ ಬಾಡಿಗೆಯೂ, ಮಾರಾಟಕ್ಕೆ ತಕ್ಕಂತೆ ಏರಿಳಿಯುವ ಬಾಡಿಗೆಯೂ ಇಂದಿಗೂ ವೆಚ್ಚದಲ್ಲೇ ಇರುತ್ತವೆ. ಅವನ್ನು ಮತ್ತೆ ಕಳೆಯಬೇಡಿ. 2020-21ರಲ್ಲಿ ಕೋವಿಡ್ ಕಾರಣಕ್ಕೆ ಸಿಕ್ಕ ಬಾಡಿಗೆ ರಿಯಾಯಿತಿಯನ್ನು ಕೆಲವರು ಇತರ ಆದಾಯ ಎಂದು ತೋರಿಸಿದ್ದಾರೆ. ಆ ವರ್ಷದ ಲಾಭವನ್ನು ಬೇರೆಯಾಗಿಯೇ ನೋಡಬೇಕು.

ನಾನು ಹಣ ಕೊಟ್ಟು ಕೊಂಡ ದತ್ತಾಂಶ ಸೇವೆಯಲ್ಲಿ ಇದ್ಯಾವುದೂ ಇಲ್ಲ, ಎಲ್ಲವನ್ನೂ ‘ಹಣಕಾಸು ಚಟುವಟಿಕೆ’ ಎಂಬ ಒಂದೇ ಅಂಕಿಯಲ್ಲಿ ಮುಗಿಸಿದ್ದಾರೆ. ವಾರ್ಷಿಕ ವರದಿಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕುವ ಕಂಪನಿಗಳ ಮೇಲಂತೂ ನನಗೆ ನಿಜವಾದ ಸಿಟ್ಟಿದೆ. ಒಂದೊಂದು ಅಂಕಿಯನ್ನೂ ಕೈಯಿಂದ ತುಂಬಬೇಕಾಯಿತು.

ಇಷ್ಟು ಹಟ ಏಕೆಂದರೆ, 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 3,900ಕ್ಕೂ ಹೆಚ್ಚು ಅಂಶ ಕುಸಿಯಿತು. ಅಂಥ ದಿನ ವರದಿ ಓದುತ್ತಾ ಕೂರಲು ಬಿಡುವಿರುವುದಿಲ್ಲ, ಕೊಳ್ಳಬಹುದಾದ ಕಂಪನಿಗಳ ಪಟ್ಟಿ ಮೊದಲೇ ಸಿದ್ಧವಿರಬೇಕು.

ಮುಂದಿನ ಕೆಲಸ ಪ್ರವರ್ತಕರು, ಅಂದರೆ ಕಂಪನಿಯ ಹಿಡಿತ ಹೊಂದಿರುವವರು, ಅಡವಿಟ್ಟ ಷೇರುಗಳದ್ದು. ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಷೇರುದಾರಿಕೆಯ ವಿವರ ಷೇರು ವಿನಿಮಯ ಕೇಂದ್ರಕ್ಕೆ ಬರುತ್ತದೆ. ಅದರಲ್ಲಿ ಅಡವಿನ ಪ್ರಮಾಣ ಏರಿದ ಕೂಡಲೇ ಆ ಸಾಲು ಕೆಂಪಾಗುವಂತೆ ಮಾಡಬೇಕು. ವಿಮಾನಯಾನ ಕಂಪನಿಗಳ ಗುತ್ತಿಗೆ ಲೆಕ್ಕ ಅದಾದ ಮೇಲೆ.