ನನ್ನ ರಕ್ತ ಹಳದಿಯಾಗಿತ್ತು

ಗೆಳೆಯನ ಫೋನ್ ಬಂದಾಗ ರಾತ್ರಿ ಹತ್ತು ದಾಟಿತ್ತು. "ಅಣ್ಣನಿಗೆ ಪ್ಲೇಟ್‌ಲೆಟ್ ಬೇಕಂತೆ ಕಣೋ. ನಿಂದೂ ಅದೇ ಗುಂಪು ಅಲ್ವಾ?"

ಅವನ ಅಣ್ಣನಿಗೆ ರಕ್ತದ ಕ್ಯಾನ್ಸರ್. ಕೀಮೋ ಔಷಧಿ ಕೆಟ್ಟ ಕಣಗಳ ಜೊತೆಗೆ ಮೂಳೆಯೊಳಗಿನ ಮಜ್ಜೆಯನ್ನೂ ಬಡಿದು ಮಲಗಿಸಿತ್ತು. ರಕ್ತಕಣಗಳು ಹುಟ್ಟುವುದೇ ಆ ಮಜ್ಜೆಯಲ್ಲಿ. ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ ಕೂಡ. ಆರೋಗ್ಯವಾಗಿರುವವರ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಅವರದು 8 ಸಾವಿರಕ್ಕೆ ಇಳಿದಿತ್ತು. ಸುಮ್ನೆ ಕೂತಿದ್ದರೂ ಒಸಡಿನಿಂದ ರಕ್ತ ಜಿನುಗುತ್ತಿತ್ತಂತೆ.

ಬೆಳಿಗ್ಗೆ ದೊಡ್ಡ ಉಪಕಾರ ಮಾಡುವವನ ಗತ್ತಿನಲ್ಲಿ ಬ್ಲಡ್ ಬ್ಯಾಂಕಿಗೆ ಹೋದೆ. ಹತ್ತೇ ನಿಮಿಷದಲ್ಲಿ ವಾಪಸ್ ಕಳಿಸಿದರು. ಹಿಂದಿನ ದಿನ ತಲೆನೋವೆಂದು ಆಸ್ಪಿರಿನ್ ನುಂಗಿದ್ದೆ.

"ಒಂದೇ ಮಾತ್ರೆ, ಮೇಡಂ."

"ಒಂದೇ ಸಾಕು ಸರ್. ನಿಮ್ಮ ಪ್ಲೇಟ್‌ಲೆಟ್‌ಗಳು ಈಗ ಲೆಕ್ಕಕ್ಕೆ ಮಾತ್ರ ಇವೆ, ಕೆಲಸಕ್ಕಿಲ್ಲ."

ಪ್ಲೇಟ್‌ಲೆಟ್ ಅಂದರೆ ಇಡೀ ಜೀವಕೋಶವೂ ಅಲ್ಲ. ಮಜ್ಜೆಯ ಒಂದು ದೈತ್ಯ ಕೋಶದಿಂದ ಉದುರಿದ ಚೂರು. ಅದಕ್ಕೆ ಕೋಶಕೇಂದ್ರವೇ ಇಲ್ಲ. ಒಂದಕ್ಕೊಂದು ಅಂಟಿಕೊಳ್ಳಲು ಬೇಕಾದ ಒಂದು ಕಿಣ್ವವನ್ನು ಆಸ್ಪಿರಿನ್ ಕೆಡಿಸುತ್ತದೆ. ಹೊಸದಾಗಿ ಮಾಡಿಕೊಳ್ಳೋಣವೆಂದರೆ ಚೂರಿಗೆ ಆ ಶಕ್ತಿಯಿಲ್ಲ. ಬದುಕಿರುವ ಎಂಟು ಹತ್ತು ದಿನವೂ ಅದು ಹಾಗೇ. ಮಜ್ಜೆ ದಿನಾ ಹೊಸ ಚೂರುಗಳನ್ನು ಬಿಡುವುದರಿಂದ ಕೆಲವು ದಿನ ಬಿಟ್ಟು ಬಂದರೆ ನಡೆಯುತ್ತದೆ ಎಂದರು. ಆವತ್ತಿಗೆ ಬೇರೆ ಯಾರೋ ಸಿಕ್ಕರು, ಸದ್ಯ. ನನಗೆ ಮಾತ್ರ ಮುಖ ತೋರಿಸಲು ನಾಚಿಕೆ.

ಆದರೆ ಕೊಟ್ಟ ಪ್ಲೇಟ್‌ಲೆಟ್ ಹೆಚ್ಚು ದಿನ ಬಾಳುವುದಿಲ್ಲ. ಆರನೇ ದಿನ ಮತ್ತೆ ಫೋನ್ ಬಂತು.

ಈ ಸಲ ಪರೀಕ್ಷೆಯೆಲ್ಲ ಪಾಸಾಯಿತು. ಕಾಯುವಾಗ ಅದೇ ಮೇಡಂ ಒಂದು ಟ್ಯೂಬ್ ತೋರಿಸಿದರು. ಗರಗರ ತಿರುಗುವ ಯಂತ್ರದಿಂದ ಆಗಷ್ಟೇ ತೆಗೆದದ್ದು. ಮೇಲಿನ ಅರ್ಧಕ್ಕಿಂತ ಜಾಸ್ತಿ ಭಾಗ ಒಣಹುಲ್ಲಿನ ಬಣ್ಣದ ತಿಳಿ. ತಳದಲ್ಲಿ ಗಟ್ಟಿ ಕಡುಗೆಂಪು. ಎರಡರ ನಡುವೆ ಬೆಳ್ಳಗೆ ಒಂದು ಗೆರೆ. ನೂಲಿನಷ್ಟು ತೆಳು, ಬೆಳಕಿಗೆ ಹಿಡಿಯದಿದ್ದರೆ ಕಾಣುವುದೂ ಇಲ್ಲ.

ಮೇಲಿನದು ಪ್ಲಾಸ್ಮಾ. ಬಹುಪಾಲು ನೀರೇ. ಆದರೆ ಸಕ್ಕರೆ, ಉಪ್ಪು, ಹಾರ್ಮೋನು, ಹೆಪ್ಪುಗಟ್ಟಿಸುವ ಪ್ರೋಟೀನು ಎಲ್ಲ ಓಡಾಡುವುದು ಇದರಲ್ಲೇ. ತಳದ್ದು ಆಮ್ಲಜನಕ ಹೊರುವ ಕೆಂಪು ಕಣಗಳು, ಸುಮಾರು 120 ದಿನ ದುಡಿದು ಸಾಯುವಂಥವು. ನಡುವಿನ ಆ ನೂಲಿನಲ್ಲಿ ಸೋಂಕಿನ ಜೊತೆ ಕಾದಾಡುವ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಒಟ್ಟಿಗಿವೆ. ಶಾಲೆಯಲ್ಲಿ ಇವನ್ನೆಲ್ಲ ಬಾಯಿಪಾಠ ಮಾಡಿ ಅಂಕ ತೆಗೆದಿದ್ದೆ. ಪ್ರಮಾಣ ಹೀಗಿರುತ್ತದೆ ಅಂತ ಅಂದಾಜೇ ಇರಲಿಲ್ಲ. ಗೆಳೆಯನ ಅಣ್ಣ ಆಸೆಯಿಂದ ಕಾಯುತ್ತಿದ್ದುದು ಆ ನೂಲಿನಲ್ಲೂ ಒಂದು ಪಾಲಿಗೆ!

ಕುರ್ಚಿಯಲ್ಲಿ ಮಲಗಿಸಿ ಸೂಜಿ ಚುಚ್ಚಿದರು. ರಕ್ತ ನಳಿಗೆಯಲ್ಲಿ ಓಡಿತು. ಪಕ್ಕದ ಯಂತ್ರ ಅದನ್ನು ತಿರುಗಿಸಿ, ತನಗೆ ಬೇಕಾದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಅದೇ ಸೂಜಿಯಿಂದ ನನಗೇ ವಾಪಸ್ ಕೊಡುತ್ತಿತ್ತು. ತೆಗೆಯುವುದು, ಕೊಡುವುದು, ಮತ್ತೆ ತೆಗೆಯುವುದು. ವಾಪಸ್ ಬರುವಾಗ ತೋಳಿನೊಳಗೆ ತಣ್ಣಗೆ ಏನೋ ಹರಿದಂತೆ ಆಗುತ್ತಿತ್ತು.

ಅರ್ಧ ಗಂಟೆ ಕಳೆದಿರಬೇಕು, ತುಟಿ ಜುಮುಜುಮು ಎನ್ನತೊಡಗಿತು. ಆಮೇಲೆ ಮೂಗಿನ ತುದಿ. ಹೆದರಿ ಕೈಯೆತ್ತಿದೆ. ಮೇಡಂ ನಕ್ಕು ಕ್ಯಾಲ್ಸಿಯಂ ಮಾತ್ರೆ ಕೊಟ್ಟು ಅಗಿಯಲು ಹೇಳಿದರು, ಯಂತ್ರದ ವೇಗವನ್ನೂ ತಗ್ಗಿಸಿದರು. ನಳಿಗೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಸಿಟ್ರೇಟ್ ಬೆರೆಸುತ್ತಾರೆ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಇಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಸಿಟ್ರೇಟ್‌ನಲ್ಲಿ ಸ್ವಲ್ಪ ಪಾಲು ನನ್ನೊಳಗೂ ಬಂದದ್ದಕ್ಕೆ ಈ ಜುಮುಜುಮು. ಮೂಳೆಗೆ ಬೇಕು ಅಂತ ಮಾತ್ರ ತಿಳಿದಿದ್ದ ಕ್ಯಾಲ್ಸಿಯಂ ಹೀಗೆ ತುಟಿಯಲ್ಲಿ ಸಿಕ್ಕಿತು.

ಒಂದೂವರೆ ಗಂಟೆಯ ಮೇಲೆ ಯಂತ್ರ ಸದ್ದು ಮಾಡಿ ನಿಂತಿತು. ತೆಗೆದ ಚೀಲ ನೋಡಿದರೆ ಒಳಗೆ ಒಂದು ಹನಿಯಷ್ಟೂ ಕೆಂಪಿಲ್ಲ! ಮಬ್ಬು ಹಳದಿ ದ್ರವ. ಪ್ಲಾಸ್ಮಾದಲ್ಲಿ ತೇಲುವ ಪ್ಲೇಟ್‌ಲೆಟ್ ಅಷ್ಟೆ. "ಇದು ನಂದೇನಾ?" ಅಂದುಬಿಟ್ಟೆ.

ಮೇಡಂ ಚೀಲವನ್ನು ದೀಪದ ಎದುರು ಹಿಡಿದು ಮೆಲ್ಲಗೆ ಹಿಸುಕಿದರು. ಒಳಗೆ ಹೊಗೆಯ ಸುರುಳಿಯಂತೆ ಏನೋ ಮಿನುಗಿ ಸುತ್ತಿತು. ಬಿಲ್ಲೆಯಾಕಾರದ ಪ್ಲೇಟ್‌ಲೆಟ್‌ಗಳು ಚೆನ್ನಾಗಿದ್ದರೆ ಬೆಳಕಿಗೆ ಹೀಗೆ ಹೊಳೆಯುತ್ತವಂತೆ. ಕೆಟ್ಟು ಗುಂಡಗಾದರೆ ಈ ಸುರುಳಿ ಕಾಣುವುದಿಲ್ಲ. ಆಮೇಲೆ ಚೀಲವನ್ನು ತೊಟ್ಟಿಲಿನಂತೆ ತೂಗುವ ತಟ್ಟೆಯ ಮೇಲಿಟ್ಟರು. ಕೆಂಪು ಕಣಗಳನ್ನು ಫ್ರಿಜ್‌ನಲ್ಲಿ ವಾರಗಟ್ಟಲೆ ಇಡಬಹುದು. ಇವುಗಳಿಗೆ ಚಳಿ ಆಗದು. 20ರಿಂದ 24 ಡಿಗ್ರಿಯಲ್ಲಿ, ತೂಗುತ್ತಲೇ ಇರಬೇಕು, ಅದೂ ಸಾಮಾನ್ಯವಾಗಿ ಐದೇ ದಿನ.

"ಇದು ಅಷ್ಟು ಹೊತ್ತು ಇಲ್ಲಿರಲ್ಲ ಬಿಡಿ," ಎಂದರು. "ಸಂಜೆಗೇ ಮೇಲಿನ ವಾರ್ಡಿಗೆ ಹೋಗುತ್ತೆ."

ಮಾರನೇ ದಿನ ಮೊಣಕೈ ಸಂದಿನ ಪಟ್ಟಿ ಕಿತ್ತು ನೋಡಿದೆ. ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಚುಕ್ಕೆ. ಅಷ್ಟರಲ್ಲಿ ಗೆಳೆಯನ ಮೆಸೇಜು: "41 ಸಾವಿರ ಆಗಿದೆ. ಒಸಡಿನ ರಕ್ತ ನಿಂತಿದೆ. ಬೆಳಿಗ್ಗೆಯಿಂದ ನನ್ನ ಮೇಲೆ ರೇಗ್ತಾ ಇದಾನೆ."