ಹಿಂದಿನ ಸೀಟಿನಲ್ಲಿ ಕೂತವಳು

ದಾವಣಗೆರೆಯಲ್ಲಿ ಮದುವೆ ಮುಗಿಸಿಕೊಂಡು ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಭಾವ ಕಾರು ಓಡಿಸುತ್ತಿದ್ದರು, ಪಕ್ಕದಲ್ಲಿ ಅಕ್ಕ, ಹಿಂದೆ ನಾನು. ಹಿರಿಯೂರು ದಾಟಿದ ಮೇಲೆ ನಾಯಿಯೊಂದು ಅಡ್ಡ ಬಂತು. ಭಾವ ಸ್ಟೇರಿಂಗ್ ಎಳೆದರು. ಕಾರು ಮೋರಿ ಕಟ್ಟೆಗೆ ಗುದ್ದಿತು. ಅವರಿಬ್ಬರಿಗೆ ತರಚು ಗಾಯ. ಬೆಲ್ಟ್ ಹಾಕಿಕೊಳ್ಳದ ನನ್ನ ಬಲ ತೊಡೆಯ ಮೂಳೆ ಮುರಿದಿತ್ತು.

ಆಪರೇಷನ್ ಮಾಡಿ ರಾಡ್ ಹಾಕಿದರು. ನಾನು ಬಟ್ಟೆ ಹೊಲಿಯುವವಳು. ಕಾಲು ಆಡದಿದ್ದರೆ ನನ್ನ ಮಿಷಿನ್ ಆಡುವುದಿಲ್ಲ.

"ಇನ್ಶೂರೆನ್ಸ್ ಇದೆ, ಚಿಂತೆ ಮಾಡಬೇಡ" ಅಂತ ಭಾವ ಆಸ್ಪತ್ರೆಯಲ್ಲೇ ಹೇಳಿದ್ದರು. ವಕೀಲರು ಪಾಲಿಸಿಯ ಕಾಪಿ ನೋಡಿ, "ಇದು ಬರೀ ಥರ್ಡ್ ಪಾರ್ಟಿ ಕಣಮ್ಮ" ಅಂದರು.

ಅದೇ ಕಾರು ದಾರಿಹೋಕರಿಗೆ ಗುದ್ದಿದ್ದರೆ ಕಂಪನಿ ಪರಿಹಾರ ಕೊಡಬೇಕಿತ್ತು. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವ ವಿಮೆ ಅಂಥವರಿಗಾಗಿ. ಮನೆಯವರ ಕಾರಿನಲ್ಲಿ ಸುಮ್ನೆ ಕೂತು ಬಂದ ನಾನು ಆ ಲೆಕ್ಕಕ್ಕೆ ಬರುವುದಿಲ್ಲವಂತೆ! ಫುಲ್ ಇನ್ಶೂರೆನ್ಸ್, ಅಂದರೆ ಪ್ಯಾಕೇಜ್ ಪಾಲಿಸಿ ಇದ್ದಿದ್ದರೆ ಬರುತ್ತಿದ್ದೆ. ಕಾರು ಹಳೆಯದಾಯಿತು ಅಂತ ಭಾವ ಹಿಂದಿನ ವರ್ಷವಷ್ಟೇ ಫುಲ್ ಬಿಟ್ಟಿದ್ದರು. ಕಾರಿನ ಬೆಲೆ ಲೆಕ್ಕ ಹಾಕಿದರು, ಒಳಗೆ ಕೂರುವವರು ಯಾರ ನೆನಪಿಗೂ ಬರಲಿಲ್ಲ. ಏಜೆಂಟಾದರೂ ಒಂದು ಮಾತು ಹೇಳಬೇಕಿತ್ತು ಅಲ್ವಾ? ನನಗೆ ಇವತ್ತಿಗೂ ಅದೇ ಸಿಟ್ಟು.

"ಕೇಸು ಹಾಕಬಹುದು. ಆದರೆ ಸ್ಪೀಡು ಜಾಸ್ತಿ ಇತ್ತು, ತಪ್ಪು ಅವರದೇ ಅಂತ ನೀವೇ ಹೇಳಬೇಕಾಗುತ್ತೆ. ದುಡ್ಡೂ ನಿಮ್ಮ ಭಾವನೇ ಕಟ್ಟಬೇಕಾಗುತ್ತೆ" ಅಂದರು ವಕೀಲರು. ಅದೇ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಪರಿಹಾರಕ್ಕೆ ಅರ್ಜಿ ಹಾಕಲು ಅಪಘಾತವಾದ ದಿನದಿಂದ ಆರು ತಿಂಗಳು. 2022ರ ಏಪ್ರಿಲ್‌ನಲ್ಲಿ ಬಂದ ನಿಯಮ ಇದು. ನನಗೆ ಆಗಲೇ ನಾಲ್ಕು ತಿಂಗಳು ಕಳೆದಿತ್ತು.

ಅಕ್ಕ ಏನೂ ಹೇಳಲಿಲ್ಲ. ಹಾಸಿಗೆ ಹಿಡಿದಾಗ ನನ್ನನ್ನು ಮಗುವಿನ ಹಾಗೆ ನೋಡಿಕೊಂಡವಳು ಅವಳು. ನಾನು ಅರ್ಜಿ ಹಾಕಲಿಲ್ಲ. ಬಿಲ್ಲಿನ ಅರ್ಧ ಭಾವ ಕೊಟ್ಟರು, ಮಿಕ್ಕಿದ್ದನ್ನು ಚೀಟಿ ಎತ್ತಿ ತೀರಿಸಿದೆ.

ಮೊನ್ನೆ ಭಾವ ಹೊಸ ಪಾಲಿಸಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರು. ಪ್ಯಾಕೇಜ್ ಪಾಲಿಸಿ. ಮೇಲೆ ಸ್ವಲ್ಪ ಹಣ ಕಟ್ಟಿ ಪ್ರಯಾಣಿಕರ ಅಪಘಾತ ವಿಮೆಯನ್ನೂ ಸೇರಿಸಿದ್ದಾರೆ. "ಸರಿ ಇದೆಯಾ ನೋಡಮ್ಮ" ಅಂತ ಬರೆದಿದ್ದರು. ಫೋಟೋ ದೊಡ್ಡದು ಮಾಡಿ ಸೀಟುಗಳ ಲೆಕ್ಕ ಹುಡುಕಿದೆ. ಐದೂ ಇದ್ದವು.