ರಿಪೋರ್ಟ್ ನಾರ್ಮಲ್ ಬಂತು ಅಂತ ಮಾತ್ರೆ ಬಿಡುವವರು

ದಾವಣಗೆರೆಯಲ್ಲಿ ಆಸ್ಪತ್ರೆಗಳು ಜಾಸ್ತಿ ಇರುವ ರಸ್ತೆಯಲ್ಲಿ ನಮ್ಮ ಮೆಡಿಕಲ್ ಶಾಪ್. ನಾನು ಅಲ್ಲಿ ಫಾರ್ಮಾಸಿಸ್ಟ್. ಹರಿಹರ, ಹೊನ್ನಾಳಿ, ಜಗಳೂರು ಕಡೆಯಿಂದಲೂ ಹಾರ್ಟ್ ಪೇಷೆಂಟ್‌ಗಳು ತಿಂಗಳು ತಿಂಗಳು ಬರುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ಅಟ್ಯಾಕ್ ಆಗಿ ಬರೀ ಮಾತ್ರೆಯ ಮೇಲೇ ಇರುವವರು. ಚೀಟಿಯಲ್ಲಿ ಐದಾರು ಮಾತ್ರೆ ಇರುತ್ತವೆ. ಒಂದಷ್ಟು ತಿಂಗಳಾದ ಮೇಲೆ ಅವು ಒಂದೊಂದೇ ಉದುರಲು ಶುರುವಾಗುತ್ತವೆ.

ಮೊದಲು ಉದುರುವುದು ಗ್ಯಾಸ್ ಮಾತ್ರೆ ಅಂದುಕೊಳ್ಳಬೇಡಿ. ಅದನ್ನು ಡಾಕ್ಟರೇ ಬಿಡಿ ಅಂದರೂ ಜನ ಬಿಡುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಪ್ಪಿಸಿದರೆ ಸ್ಟೆಂಟ್ ಮುಚ್ಚಿಹೋಗುತ್ತೆ ಅಂತ ಆಸ್ಪತ್ರೆಯಲ್ಲಿ ಹೆದರಿಸಿ ಕಳಿಸಿರುತ್ತಾರೆ, ಹಾಗಾಗಿ ಅದೂ ಉಳಿಯುತ್ತದೆ. ಬಿಪಿ, ಶುಗರ್ ಮನೆಯಲ್ಲೇ ನೋಡಿಕೊಳ್ಳಬಹುದು, ಏರಿದರೆ ಗೊತ್ತಾಗುತ್ತದೆ. ಕೊಲೆಸ್ಟ್ರಾಲ್ ಮಾತ್ರೆಗೆ ಮಾತ್ರ ಹೀಗೆ ಯಾವ ಕಾವಲೂ ಇಲ್ಲ. ತಗೊಂಡರೂ ಏನೂ ಅನ್ನಿಸುವುದಿಲ್ಲ, ಬಿಟ್ಟರೂ ಏನೂ ಅನ್ನಿಸುವುದಿಲ್ಲ.

"ಈ ಸಲ ಅದೊಂದು ಬ್ಯಾಡ ತಮ್ಮಾ. ಟೆಸ್ಟ್ ಮಾಡ್ಸಿದೆ, ಕೊಲೆಸ್ಟ್ರಾಲ್ ನಾರ್ಮಲ್ ಬಂದೈತಿ."

ಈ ಮಾತು ನಮ್ಮ ಕೌಂಟರ್‌ನಲ್ಲಿ ಕೇಳದ ವಾರವಿಲ್ಲ. "ಯಜಮಾನ್ರೇ, ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿರೋದು" ಅಂದರೆ ಕೆಲವರು ನಕ್ಕು ಸ್ಟ್ರಿಪ್ ತಗೊಳ್ಳುತ್ತಾರೆ. ಇನ್ನು ಕೆಲವರು ನನ್ನನ್ನು ವ್ಯಾಪಾರ ಕುದುರಿಸುವವನ ಹಾಗೆ ನೋಡುತ್ತಾರೆ. ಅದೂ ತಪ್ಪಲ್ಲ. ಅಂಗಡಿಯವನ ಮಾತು ಅಂಗಡಿಯವನ ಮಾತೇ. ಅದಕ್ಕೇ ಈಗ ರಿಪೋರ್ಟ್ ಕೈಯಲ್ಲಿ ಹಿಡಿದೇ ಮಾತಾಡುತ್ತೇನೆ. ಲ್ಯಾಬ್‌ನವರು ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಪಕ್ಕದಲ್ಲಿ ಅಚ್ಚು ಹಾಕುವ 100 ಅಥವಾ 130 ಎಲ್ಲರಿಗೂ ಅಂತ ಇಟ್ಟ ಅಂಕಿ. ಒಮ್ಮೆ ಅಟ್ಯಾಕ್ ಆದವರ ಲೆಕ್ಕವೇ ಬೇರೆ. ಯುರೋಪಿನ ಹೃದ್ರೋಗ ತಜ್ಞರ ಸಂಘ 2019ರಲ್ಲಿ ಅಂಥವರಿಗೆ 55ಕ್ಕಿಂತ ಕೆಳಗೆ ಅಂದಿತು. ನಮ್ಮ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಕೂಡ 2024ರಲ್ಲಿ ಇದೇ 55 ಇಟ್ಟಿತು. ಅಂದರೆ 96 ಬಂದವರ ರಿಪೋರ್ಟ್‌ನಲ್ಲಿ ಕೆಂಪು ಗೆರೆಯೂ ಇರುವುದಿಲ್ಲ, ನಕ್ಷತ್ರವೂ ಇರುವುದಿಲ್ಲ. ಆದರೂ ಇರಬೇಕಾದ್ದಕ್ಕಿಂತ ಅದು ಹೆಚ್ಚುಕಮ್ಮಿ ಎರಡರಷ್ಟು. ಪೆನ್ನಿನಲ್ಲಿ 55 ಅಂತ ಬರೆದು ಸುತ್ತ ಗುಂಡಾಕಾರ ಎಳೆದು ಕೊಡುತ್ತೇನೆ. ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

"ಸ್ಟೆಂಟ್ ಹಾಕ್ಸಿದ್ದೀವಲ್ಲ, ಮತ್ತೇನು?" ಅನ್ನುವವರೂ ಇದ್ದಾರೆ. ಪಿ.ಬಿ. ರಸ್ತೆಯಲ್ಲಿ ಒಂದು ಗುಂಡಿ ಮುಚ್ಚಿದರೆ ರಸ್ತೆ ಪೂರ್ತಿ ಸರಿಹೋಯಿತಾ ಅಂತ ಕೇಳುತ್ತೇನೆ. ಸ್ಟೆಂಟ್ ಕೂತಿರುವುದು ಒಂದು ಜಾಗದಲ್ಲಿ. ಕೊಬ್ಬು ಮಾತ್ರ ರಕ್ತನಾಳದ ಉದ್ದಕ್ಕೂ ಇರುತ್ತದೆ. ಎಷ್ಟೋ ಸಲ ಎರಡನೇ ಅಟ್ಯಾಕ್ ಬರುವುದು ಅರ್ಧವೂ ಮುಚ್ಚಿರದ ಜಾಗದಿಂದ. ಅಲ್ಲಿನ ಕೊಬ್ಬಿನ ಮೇಲಿರುವ ತೆಳು ಪದರ ಹರಿಯುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ನಾಳ ಬಂದ್. ಜನ ಬಿಡುವ ಈ ಕೊಲೆಸ್ಟ್ರಾಲ್ ಮಾತ್ರೆಗೆ ಸ್ಟಾಟಿನ್ ಅಂತಾರೆ, ಅದು ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದನ್ನು ತಗ್ಗಿಸುತ್ತದೆ. ಆಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ದಿನ ಕಳೆದಂತೆ ಆ ಪದರವೂ ಗಟ್ಟಿಯಾಗುತ್ತದೆ. ಮಾತ್ರೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿದ್ದ ಕಡೆಗೇ ವಾಪಸ್.

ಇದು ಸುಮ್ನೆ ಹೇಳುವ ಮಾತಲ್ಲ. 1994ರಲ್ಲಿ ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ 4,444 ಹೃದ್ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಅರ್ಧ ಜನಕ್ಕೆ ಸಿಂವಾಸ್ಟಾಟಿನ್ ಅನ್ನುವ ಸ್ಟಾಟಿನ್, ಅರ್ಧ ಜನಕ್ಕೆ ಅದೇ ರೀತಿ ಕಾಣುವ ಡಮ್ಮಿ ಮಾತ್ರೆ. ಐದು ವರ್ಷ ದಾಟುವ ಹೊತ್ತಿಗೆ ನಿಜವಾದ ಮಾತ್ರೆ ತಗೊಂಡವರಲ್ಲಿ ಸಾವು ಶೇ 30ರಷ್ಟು ಕಮ್ಮಿ. ಈ ಐದು ವರ್ಷ ಅನ್ನುವುದೇ ಮುಖ್ಯ. ಎರಡು ತಿಂಗಳು ನುಂಗಿ ಬಿಟ್ಟವರಿಗೆ ಸಿಕ್ಕ ಲಾಭ ಅಲ್ಲ ಅದು.

ಇನ್ನೊಂದು ದಾರಿಯಿಂದಲೂ ಈ ಮಾತ್ರೆ ಕಾಣೆಯಾಗುತ್ತದೆ. ಅಲ್ಲಿ ಪೇಷೆಂಟ್ ಬೇಕಂತ ಬಿಟ್ಟಿರುವುದೇ ಇಲ್ಲ. ಇದನ್ನು ಹೊರಗಿನವರು ಗಮನಿಸುವುದು ಕಷ್ಟ.

ನಮ್ಮಲ್ಲಿ ಮಿಶ್ರ ಕ್ಯಾಪ್ಸೂಲ್‌ಗಳ ಓಡಾಟ ಜಾಸ್ತಿ. ಒಂದರಲ್ಲಿ ರಕ್ತ ತೆಳು ಮಾಡುವ ಆಸ್ಪಿರಿನ್ ಮತ್ತು ಅಟಾರ್ವಾಸ್ಟಾಟಿನ್ ಅನ್ನುವ ಸ್ಟಾಟಿನ್ ಇರುತ್ತವೆ. ಇನ್ನೊಂದರಲ್ಲಿ ಆಸ್ಪಿರಿನ್, ರಕ್ತ ತೆಳು ಮಾಡುವ ಇನ್ನೊಂದು ಔಷಧಿ ಕ್ಲೋಪಿಡೋಗ್ರೆಲ್, ಅಟಾರ್ವಾಸ್ಟಾಟಿನ್ ಮೂರೂ ಇರುತ್ತವೆ. ನುಂಗಲು ಸಲೀಸು, ಡಾಕ್ಟರಿಗೂ ಬರೆಯಲು ಸಲೀಸು. ಎಡವಟ್ಟಾಗುವುದು ಒಂದು ವರ್ಷದ ಹೊತ್ತಿಗೆ. "ರಕ್ತ ತೆಳು ಮಾಡುವ ಒಂದು ಮಾತ್ರೆ ಇನ್ನು ಸಾಕು" ಅಂತ ಡಾಕ್ಟರ್ ಹೇಳಿರುತ್ತಾರೆ. ಅವರ ಮನಸ್ಸಿನಲ್ಲಿ ಇರುವುದು ಕ್ಲೋಪಿಡೋಗ್ರೆಲ್. ಪೇಷೆಂಟ್ ಮನೆಗೆ ಹೋಗಿ ಇಡೀ ಕ್ಯಾಪ್ಸೂಲ್ ನಿಲ್ಲಿಸುತ್ತಾರೆ. ಅದರ ಜೊತೆ ಆಸ್ಪಿರಿನ್ ಹೋಯಿತು, ಕೊಲೆಸ್ಟ್ರಾಲ್ ಮಾತ್ರೆಯೂ ಹೋಯಿತು. ಯಾರಿಗೂ ಗೊತ್ತಿಲ್ಲ! ಮುಂದಿನ ತಿಂಗಳು ಬಂದು ಬಿಪಿ ಮಾತ್ರೆ, ಗ್ಯಾಸ್ ಮಾತ್ರೆ ಮಾತ್ರ ತಗೊಂಡು ಹೋಗುತ್ತಾರೆ. ಬಿಲ್ ಕಮ್ಮಿ ಆಯಿತಲ್ಲ ಅಂತ ಖುಷಿ ಬೇರೆ.

ಪವರಿನ ಕಥೆಯೂ ಇದೆ. ಅಟ್ಯಾಕ್ ಆಗಿ ಡಿಸ್ಚಾರ್ಜ್ ಮಾಡುವಾಗ ಸಾಮಾನ್ಯವಾಗಿ ಅಟಾರ್ವಾಸ್ಟಾಟಿನ್ 40 ಅಥವಾ 80 ಮಿ.ಗ್ರಾಂ ಬರೆದಿರುತ್ತಾರೆ, ಇಲ್ಲವೇ ರೋಸುವಾಸ್ಟಾಟಿನ್ 20. ಊರಿಗೆ ಹೋದ ಮೇಲೆ ಅಲ್ಲಿನ ಅಂಗಡಿಯಲ್ಲಿ "ಅದೇ ಕಂಪನಿ, ಅದೇ ಹೆಸರು" ಅಂತ ಮಿಶ್ರ ಕ್ಯಾಪ್ಸೂಲ್ ಕೊಡುತ್ತಾರೆ. ಅದರೊಳಗೆ ಇರುವುದು 10. ಈ 10 ಎಲ್‌ಡಿಎಲ್ ಅನ್ನು ಶೇ 35ರಿಂದ 40ರಷ್ಟು ಇಳಿಸುತ್ತದೆ. ಅಟ್ಯಾಕ್ ಆದವರಿಗೆ ಕನಿಷ್ಠ ಅರ್ಧದಷ್ಟಾದರೂ ಇಳಿಯಬೇಕು. ಉಲ್ಟಾನೂ ಆಗುತ್ತದೆ. ಬೇರೆ ಕವರಿನಲ್ಲಿ ಅಟಾರ್ವಾಸ್ಟಾಟಿನ್ 40, ಕ್ಯಾಪ್ಸೂಲಿನ ಒಳಗೆ ಇನ್ನೊಂದು 20, ಎರಡೂ ನಡೆಯುತ್ತಿರುತ್ತವೆ. ಹಾಗಾಗಿ ಹೊಸ ಚೀಟಿ ಬಂದರೆ ಹಳೆಯ ಸ್ಟ್ರಿಪ್‌ಗಳನ್ನೂ ತನ್ನಿ ಅನ್ನುತ್ತೇನೆ. ಕೌಂಟರ್ ಮೇಲೆ ಹರವಿಕೊಂಡು ಒಂದೊಂದರಲ್ಲೂ ಏನಿದೆ ಅಂತ ಓದುತ್ತೇನೆ. ಅನುಮಾನ ಬಂದರೆ ಡಾಕ್ಟರಿಗೆ ಫೋನ್. ನಾನಾಗಿ ಏನನ್ನೂ ಬದಲಾಯಿಸುವುದಿಲ್ಲ, ಬದಲಾಯಿಸಬಾರದು ಕೂಡ. ನನ್ನ ಅಭಿಪ್ರಾಯ ಕೇಳಿದರೆ, ಅಟ್ಯಾಕ್ ಆದವರಿಗೆ ಸ್ಟಾಟಿನ್ ಬೇರೆ ಮಾತ್ರೆಯಾಗಿ ಬರೆಯುವುದೇ ಒಳ್ಳೆಯದು. ಒಂದು ಮಾತ್ರೆ ಜಾಸ್ತಿ ಆಗಬಹುದು, ಆದರೆ ಕಣ್ಣಿಗೆ ಕಾಣುತ್ತದೆ.

ಮಾತ್ರೆ ಬಿಡುವುದಕ್ಕೆ ಮೂರನೆಯ ಕಾರಣ ಮೈಕೈ ನೋವಿನ ದೂರು. ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಓಡಾಡಿದ ವಾರ ಈ ದೂರು ಜಾಸ್ತಿ ಇರುತ್ತದೆ. ನಿಜವಾದ ನೋವು ಇರುವುದೇ ಇಲ್ಲ ಅಂತಲ್ಲ. ಲಂಡನ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ತೊಂದರೆ ಆಯಿತು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ವರ್ಷಕ್ಕೆ 12 ಬಾಟಲಿ ಕೊಟ್ಟರು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಡಮ್ಮಿ, ನಾಲ್ಕು ಖಾಲಿ. ಸ್ಟಾಟಿನ್ ತಿಂಗಳಲ್ಲಿ ಆದ ತೊಂದರೆಯ ಶೇ 90ರಷ್ಟು ಡಮ್ಮಿ ತಿಂಗಳಲ್ಲೂ ಆಗಿತ್ತು. ನೋವು ಸುಳ್ಳಲ್ಲ, ಆದರೆ ಹೆಚ್ಚಿನ ಪಾಲು ಔಷಧಿಯದ್ದಲ್ಲ. ತಮ್ಮದೇ ಲೆಕ್ಕ ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರು ಮಾಡಿದರು.

ನೋವು ಅಂದವರಿಗೆ ನಾನು ಮೊದಲು ಕೇಳುವುದು, "ಇತ್ತೀಚೆಗೆ ಚರ್ಮದ ಡಾಕ್ಟರ್ ಹತ್ರ ಹೋಗಿದ್ರಾ?" ಅಂತ. ಏನ್ರೀ ಇದು, ಕಾಲು ನೋವು ಅಂದರೆ ಚರ್ಮದ ಡಾಕ್ಟರ್ ಅಂತಾನೆ ಅಂತ ಮುಖ ನೋಡುತ್ತಾರೆ. ಕಾರಣ ಇದೆ. ಹುಳುಕಡ್ಡಿ, ಗಜಕರ್ಣಕ್ಕೆ ಇಟ್ರಾಕೊನಜೋಲ್ ವಾರಗಟ್ಟಲೆ ಬರೆಯುತ್ತಾರೆ. ಅದರ ಜೊತೆ ಅಟಾರ್ವಾಸ್ಟಾಟಿನ್ ಸೇರಿದರೆ ರಕ್ತದಲ್ಲಿ ಅಟಾರ್ವಾಸ್ಟಾಟಿನ್ ಪ್ರಮಾಣ ಏರುತ್ತದೆ, ಸ್ನಾಯುಗಳಿಗೆ ಪೆಟ್ಟಾಗಬಹುದು. ಕ್ಲಾರಿಥ್ರೊಮೈಸಿನ್ ಅನ್ನುವ ಆಂಟಿಬಯೋಟಿಕ್ ಕೂಡ ಹಾಗೇ. ಸಿಂವಾಸ್ಟಾಟಿನ್ ಅಂತೂ ಇವುಗಳ ಜೊತೆ ಕೂಡದು. ತುರಿಕೆ ಅಂತ ಹೋದಾಗ ಹಾರ್ಟ್ ಮಾತ್ರೆಗಳ ವಿಷಯ ಯಾರೂ ಹೇಳುವುದಿಲ್ಲ. ಅಷ್ಟು ದಿನ ಏನು ಮಾಡಬೇಕು ಅಂತ ಡಾಕ್ಟರ್ ಹೇಳುತ್ತಾರೆ, ಕೇಳಬೇಕು ಅಷ್ಟೇ. ನೋವು ಜೋರಾಗಿ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಅಂಗಡಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಸ್ಟಾಟಿನ್ ತಗೊಂಡರೆ ಶುಗರ್ ಬರುತ್ತಂತೆ? ಹೌದು, ಸ್ವಲ್ಪ ಏರಬಹುದು, ಅದರಲ್ಲೂ ಆಗಲೇ ಗಡಿಯಲ್ಲಿ ಇರುವವರಿಗೆ. ಆದರೆ ಅಟ್ಯಾಕ್ ಆದವರಿಗೆ ಲಾಭವೇ ಬಹಳ ದೊಡ್ಡದು.

ಊಟದ ವಿಷಯ ಬಂದರೆ ಈ ಊರಿನಲ್ಲಿ ಬೆಣ್ಣೆ ದೋಸೆ ಬಿಟ್ಟು ಮಾತಾಡುವ ಹಾಗಿಲ್ಲ. "ನಾನು ಬೆಣ್ಣೆ ದೋಸೆ ಬಿಟ್ಟೀನಿ, ಮಾತ್ರೆ ಯಾಕೆ?" ಅನ್ನುವವರಿಗೆ ಉತ್ತರ ಕೊಡುವುದು ಕಷ್ಟ. ಬೆಣ್ಣೆ ಬಿಟ್ಟಿದ್ದು ಒಳ್ಳೆಯದೇ. ಆದರೆ ಮೈಯಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ಮೈಯೇ ತಯಾರಿಸುವುದು, ತಟ್ಟೆಯಿಂದ ಬರುವುದು ಕಮ್ಮಿ. ಇನ್ನು "ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ" ಅಂತ ಪ್ಯಾಕೆಟ್ ನೋಡಿ ಧಾರಾಳ ಸುರಿಯುವವರಿದ್ದಾರೆ. ಯಾವ ಅಡುಗೆ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದೇ ಇಲ್ಲ, ಪಾಮ್ ಎಣ್ಣೆಯಲ್ಲೂ ಇಲ್ಲ. ಎಲ್‌ಡಿಎಲ್ ಏರಿಸುವುದು ಅದರಲ್ಲಿರುವ ಸ್ಯಾಚುರೇಟೆಡ್ ಕೊಬ್ಬು.

ದುಡ್ಡಿನ ಕಾರಣಕ್ಕೆ ಬಿಡುವವರಿಗೆ ಜನೌಷಧಿ ಕೇಂದ್ರದ ದಾರಿ ತೋರಿಸುತ್ತೇನೆ. ಅಲ್ಲಿ ಅಟಾರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಎರಡೂ ಕಮ್ಮಿ ಬೆಲೆಗೆ ಸಿಗುತ್ತವೆ. ನಮ್ಮ ಓನರ್ ಇದನ್ನು ಓದದಿದ್ದರೆ ಸಾಕು.

ಮರೆತುಹೋಗುತ್ತೆ ಅನ್ನುವವರಲ್ಲಿ ರೈತರು ಜಾಸ್ತಿ. ರಾತ್ರಿ ಊಟ ಆದ ಮೇಲೆ ಅಂತ ಚೀಟಿಯಲ್ಲಿ ಇರುತ್ತದೆ. ರಾತ್ರಿ ತ್ರೀ ಫೇಸ್ ಕರೆಂಟ್ ಕೊಟ್ಟಾಗ ಅವರು ಮೋಟರ್ ಹಾಕಲು ತೋಟದಲ್ಲಿ ಇರುತ್ತಾರೆ. ಸಿಂವಾಸ್ಟಾಟಿನ್ ಆದರೆ ರಾತ್ರಿಯೇ ಒಳ್ಳೆಯದು. ಅಟಾರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಯಾವ ಹೊತ್ತಿನಲ್ಲಿ ತಗೊಂಡರೂ ನಡೆಯುತ್ತದೆ. ಡಾಕ್ಟರನ್ನು ಒಂದು ಮಾತು ಕೇಳಿ ಬೆಳಗಿನ ಬಿಪಿ ಮಾತ್ರೆಯ ಜೊತೆ ಸೇರಿಸಿಕೊಂಡವರು ಈಗ ತಪ್ಪಿಸುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಎಲ್‌ಡಿಎಲ್ 55ಕ್ಕೆ ಇಳಿಯದವರು ಇರುತ್ತಾರೆ. ಸ್ಟಾಟಿನ್ ಡೋಸ್ ಎರಡರಷ್ಟು ಮಾಡಿದರೆ ಇನ್ನೊಂದು ಶೇ 6ರಷ್ಟು ಮಾತ್ರ ಇಳಿಯುತ್ತದೆ. ಎಜೆಟಿಮೈಬ್ ಸೇರಿಸಿದರೆ ಸುಮಾರು ಶೇ 20. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುತ್ತದೆ. ಚೀಟಿಯಲ್ಲಿ ಹೊಸ ಹೆಸರು ಕಂಡ ಕೂಡಲೇ "ಕಾಯಿಲೆ ಜಾಸ್ತಿ ಆಯ್ತಾ?" ಅಂತ ಗಾಬರಿಯಾಗುತ್ತಾರೆ. ಇಲ್ಲ, ಎರಡು ಕಡೆಯಿಂದ ಇಳಿಸುತ್ತಿದ್ದಾರೆ ಅಷ್ಟೇ ಅಂತ ಹೇಳಿ ಕಳಿಸುತ್ತೇನೆ.

ಇತ್ತೀಚೆಗೆ ಇಂಜೆಕ್ಷನ್ ವಿಚಾರಿಸುವವರು ಹೆಚ್ಚಾಗಿದ್ದಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಬ್ಬರು ಅಪ್ಪನ ಚೀಟಿ ಹಿಡಿದು ಬಂದಿದ್ದರು. ಎಲ್‌ಡಿಎಲ್ 130ರ ಮೇಲೆ. ಆರು ತಿಂಗಳಿಗೊಂದು ಇಂಜೆಕ್ಷನ್ ಬಂದಿದೆಯಂತಲ್ಲ, ಅದನ್ನೇ ಹಾಕಿಸಿದರೆ ಮಾತ್ರೆ ರಗಳೆ ಇರಲ್ಲ ಅಲ್ವಾ ಅಂದರು. ಇನ್‌ಕ್ಲಿಸಿರಾನ್ ಅಂತ ಇದೆ, ನಿಜ. ಮೊದಲನೆಯದು, ಮೂರು ತಿಂಗಳಿಗೆ ಎರಡನೆಯದು, ಆಮೇಲೆ ಆರಾರು ತಿಂಗಳಿಗೆ. ಬೆಲೆ ಬಹಳ ಜಾಸ್ತಿ. ಸಾಮಾನ್ಯವಾಗಿ ಅದನ್ನು ಕೊಡುವುದು ಮಾತ್ರೆಯ ಜೊತೆಗೇ, ಮಾತ್ರೆಯ ಬದಲಿಗೆ ಅಲ್ಲ. "ಸಾರ್, ಡಾಕ್ಟರನ್ನು ಕೇಳೋಕೆ ಮುಂಚೆ ಮನೆಗೆ ಹೋಗಿ ಅಪ್ಪನ ಸ್ಟ್ರಿಪ್ ಎಣಿಸಿ ನೋಡಿ" ಅಂದೆ.

ಸಂಜೆ ಫೋನ್ ಮಾಡಿದರು. ಮೂರು ತಿಂಗಳಿನ ಸ್ಟ್ರಿಪ್‌ಗಳು ಹಾಗೇ ಡಬ್ಬಿಯಲ್ಲಿ ಇದ್ದವಂತೆ. ಇಂಜೆಕ್ಷನ್ ಮಾತು ಅಲ್ಲಿಗೆ ನಿಂತಿತು.